ಡಿಸೆಂಬರ್‌ನಲ್ಲಿ ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೋಗಬಹುದಾ?

ಹೊಂಡದ ಸರ್ಕಲ್ ಹುಡುಗ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ವಾರ ರಜೆ ಸಿಕ್ಕಿದೆ. ನಾನು, ನನ್ನ ಷಡ್ಡಕ ಇಬ್ಬರೂ ಹಿಮಾಚಲಕ್ಕೆ ಹೋಗೋಣ ಅಂತಿದ್ದೇವೆ. ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಅನ್ನುವ ತಣ್ಣೀರಿನ ಮೀನಿಗೆ ಫ್ಲೈ (ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಕೊಕ್ಕೆ) ಹಾಕಬೇಕು ಅಂತ ಬಹಳ ದಿನದ ಆಸೆ. ಇಲ್ಲಿ ಕೆರೆಗಳಲ್ಲಿ ಮೈದಾ ಉಂಡೆ ಕಟ್ಟಿ ರೋಹು, ಕಾಟ್ಲಾ ಹಿಡಿದು ಗೊತ್ತು. ಫ್ಲೈ ಮಾತ್ರ ಹೊಸದು. 9 ಅಡಿ ಕೋಲು, 5 ನಂಬರ್ ಲೈನ್ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಹಿಮದ ದಂಡೆಯ ಮೇಲೆ ನಿಂತು ಮೀನು ಎಳೆಯುವ ವಿಡಿಯೋಗಳನ್ನು ನೋಡಿ ನೋಡಿ ತಲೆ ಕೆಟ್ಟಿದೆ. ಆ ಚಳಿಗೆ ಯಾವ ಫ್ಲೈ, ಎಷ್ಟು ಹೊತ್ತಿಗೆ ನೀರಿಗೆ ಇಳಿಯಬೇಕು, ಎಂಥ ಬಟ್ಟೆ ಬೇಕು? ಗೊತ್ತಿರುವವರು ಹೇಳಿ.

ದುರ್ಗದ ಗಾಳ (ಚಿತ್ರದುರ್ಗ)

ಟಿಕೆಟ್ ಮಾಡಿಸಿದ್ದೀರಾ? ಮಾಡಿಸಿಲ್ಲ ಅಂದ್ರೆ ಸ್ವಲ್ಪ ತಡೀರಿ ಸರ್. ಹಿಮಾಚಲದ ಟ್ರೌಟ್ ಹೊಳೆಗಳು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳಕ್ಕೆ ಬಂದ್. ತೀರ್ಥನ್, ಸೈಂಜ್, ಮೇಲಿನ ಬಿಯಾಸ್, ಬರೋಟ್ ಹತ್ತಿರದ ಊಹ್ಲ್, ರೋಹ್ಡು ಕಡೆಯ ಪಬ್ಬರ್, ಸಾಂಗ್ಲಾದ ಬಸ್ಪಾ, ಎಲ್ಲಕ್ಕೂ ಅದೇ ನಿಯಮ. ಕಾಶ್ಮೀರದಲ್ಲೂ ಚಳಿಗಾಲ ಪೂರ್ತಿ ಬಂದ್. ನೀವು ನೋಡಿರುವ ಹಿಮದ ವಿಡಿಯೋಗಳು ಬಹುಶಃ ಅಮೆರಿಕದವು. ಅಲ್ಲಿನ ಲೆಕ್ಕವೇ ಬೇರೆ.

ಕಾರಣ ಇಷ್ಟೇ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಚಳಿ ಹಿಡಿದ ಮೇಲೆ. ಹೆಣ್ಣು ಮೀನು ಹರಿಯುವ ನೀರಿನ ತಳದಲ್ಲಿ ಮಗ್ಗುಲಾಗಿ, ಬಾಲ ಬಡಿದು ಬಡಿದು ಜಲ್ಲಿಕಲ್ಲಿನಲ್ಲಿ ಗುಂಡಿ ತೋಡುತ್ತದೆ. ಮೊಟ್ಟೆ ಬಿಟ್ಟಾದ ಮೇಲೆ ಸ್ವಲ್ಪ ಮುಂದಕ್ಕೆ ಹೋಗಿ ಮತ್ತೆ ಜಲ್ಲಿ ಕೆದರುತ್ತದೆ. ಹರಿವಿಗೆ ಆ ಕಲ್ಲು ಬಂದು ಮೊಟ್ಟೆಯ ಮೇಲೆ ಮುಚ್ಚಿಕೊಳ್ಳುತ್ತದೆ. ನೀರು 5 ಡಿಗ್ರಿ ಇದ್ದರೆ ಮೊಟ್ಟೆ ಒಡೆಯಲು ಎರಡೂವರೆ, ಮೂರು ತಿಂಗಳು ಬೇಕು. ಅಷ್ಟು ದಿನವೂ ಕಲ್ಲಿನ ಸಂದಿಯಲ್ಲಿ ನೀರು ಆಡುತ್ತಲೇ ಇರಬೇಕು. ಮೇಲೆ ಯಾರಾದರೂ ಬೂಟು ಕಾಲು ಇಟ್ಟರೆ ಕಥೆ ಮುಗಿಯಿತು.

ಮಾರ್ಚ್ 1ಕ್ಕೆ ತೆರೆಯುತ್ತದೆ. ಮಾರ್ಚ್, ಏಪ್ರಿಲ್ ಚೆನ್ನಾಗಿರುತ್ತದೆ. ಮೇ, ಜೂನ್‌ನಲ್ಲಿ ಹಿಮ ಕರಗಿ ದೊಡ್ಡ ಹೊಳೆಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಜುಲೈ, ಆಗಸ್ಟ್ ಮಳೆ, ಆಗ ಯೋಚನೆಯೇ ಬೇಡ. 2023ರ ಜುಲೈನಲ್ಲಿ ಬಿಯಾಸ್ ಕಣಿವೆಯ ಗತಿ ಏನಾಯಿತು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಮಳೆ ನಿಂತ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ನೀರು ತಿಳಿಯಾಗುತ್ತದೆ. ನನ್ನನ್ನು ಕೇಳಿದರೆ ಅಕ್ಟೋಬರ್.

ಹೊಂಡದ ಸರ್ಕಲ್ ಹುಡುಗ

ಅಯ್ಯೋ. ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ, ಅಷ್ಟರಮಟ್ಟಿಗೆ ಬಚಾವ್. ಆದ್ರೆ ಅಲ್ಲಿನ ಒಬ್ಬರು ರೂಮಿನವರಿಗೆ ಫೋನ್ ಮಾಡಿದಾಗ "ಬನ್ನಿ ಸಾರ್, ಚಳಿಗಾಲದಲ್ಲಿ ಯಾರೂ ಚೆಕ್ ಮಾಡಲ್ಲ, ಮನೆ ಹಿಂದಿನ ನೀರಲ್ಲೇ ವ್ಯವಸ್ಥೆ ಮಾಡ್ತೀವಿ" ಅಂದರು. ಹಿಡಿದು ವಾಪಸ್ ಬಿಡುವುದಾದರೆ ತೊಂದರೆ ಏನು ಅಂತ ನನಗೂ ಅನ್ನಿಸಿತ್ತು.

ನ್ಯಾಮತಿಯವ

ಅಣ್ಣಾ, ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಹತ್ತುಮೀನು ಗೊತ್ತಿರುತ್ತದೆ. ಮುಂಗಾರು ಮೊದಲ ಜೋರು ಮಳೆಗೆ ಹಳ್ಳದ ನೀರು ಕೆಂಪಗೆ ಬಂದಾಗ ಮೀನು ಮೊಟ್ಟೆ ಇಡಲು ಗದ್ದೆ ಕಡೆಗೆ ಹತ್ತುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ರಾತ್ರಿ ಲಾಟೀನು ಹಿಡಿದುಕೊಂಡು ಹೋಗಿ ಕತ್ತಿಯಲ್ಲಿ ಕಡಿಯುತ್ತಿದ್ದರಂತೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು, ರುಚಿ ಜಾಸ್ತಿ. ಈಗ ನಮ್ಮ ಹಳ್ಳಕ್ಕೆ ಹತ್ತುವ ಮೀನೇ ಇಲ್ಲ. ಕಡಿದದ್ದೊಂದೇ ಕಾರಣ ಅಂತ ಹೇಳಲ್ಲ. ಮರಳು ತೆಗೆದರು, ಗದ್ದೆಗೆ ಔಷಧಿ ಹೊಡೆದರು, ಚೆಕ್ ಡ್ಯಾಮ್ ಕಟ್ಟಿದರು. ಆದರೆ ಕಡಿದದ್ದೂ ಒಂದು ಕಾರಣ.

ಮಲ್ಪೆ, ಮಂಗಳೂರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡ ಹತ್ತುತ್ತವೆ. ಸಾಲ ಇರುವವರೂ ಬೋಟು ಕಟ್ಟಿಹಾಕುತ್ತಾರೆ. ನಾವು ಮಜಾ ಮಾಡಲು ಹೋಗುವವರು ನಾಲ್ಕು ತಿಂಗಳು ಕಾಯಲು ಆಗಲ್ವಾ?

ಸೂಳೆಕೆರೆ ಸಿದ್ಧ

ಹಿಡಿಯೋದು, ಫೋಟೋ ತೆಗೆಯೋದು, ಬಿಡೋದು. ಈ ಆಟ ನನಗೆ ಅರ್ಥ ಆಗಲ್ಲ ಸ್ವಾಮಿ. ನಮ್ಮ ಮನೆಯಲ್ಲಿ ಮೀನು ತಂದರೆ ಸಾರು. ಬಿಡೋದಿದ್ರೆ ಮುಳ್ಳು ಚುಚ್ಚೋದು ಯಾಕೆ? ಅದು ಮೀನಿಗೆ ಮಾಡುವ ಉಪಕಾರವಾ?

ದುರ್ಗದ ಗಾಳ

ಉಪಕಾರ ಅಂತ ಯಾರೂ ಹೇಳಿಲ್ಲ ಸಿದ್ಧಣ್ಣ. ಸಾರಿಗೆ ಒಂದು ಮೀನು ಹಿಡಿಯುವುದರ ಬಗ್ಗೆ ನನ್ನದೂ ತಕರಾರಿಲ್ಲ. ತೆರೆದ ಕಾಲದಲ್ಲಿ ಪರ್ಮಿಟ್ ತೆಗೆದುಕೊಂಡು, ನಿಯಮದ ಅಳತೆ ಮೀರಿದ ಮೀನನ್ನು ಒಯ್ದರೆ ಒಯ್ಯಲಿ. ಮೊಟ್ಟೆ ಇಡುತ್ತಿರುವ ಮೀನಿನ ವಿಷಯ ಬೇರೆ. ಹಿಡಿದು ಬಿಟ್ಟರೂ ಅದಕ್ಕೆ ಪೆಟ್ಟು. ಆ ಹೊತ್ತಿಗೆ ಅದು ಸೊರಗಿರುತ್ತದೆ. ಎಳೆದಾಡಿಸಿ ಸುಸ್ತು ಮಾಡಿದರೆ ಗುಂಡಿ ಬಿಟ್ಟೇ ಹೋಗಬಹುದು.

ಹುಡುಗರೇ, ಆ ರೂಮಿನವರ ಮಾತು ಕೇಳಬೇಡಿ. ಸಿಕ್ಕಿಬಿದ್ದರೆ ಕೋಲು ಅವರದಲ್ಲ, ನಿಮ್ಮದು.

ನಿವೃತ್ತ ಮೇಷ್ಟ್ರು (ಹರಿಹರ)

ಒಂದು ಮಾತು ಸೇರಿಸುತ್ತೇನೆ. ಈ ಮೀನು ನಮ್ಮ ದೇಶದ್ದಲ್ಲ. ಬ್ರೌನ್ ಟ್ರೌಟ್ ಯೂರೋಪಿನದು, ರೇನ್‌ಬೋ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. 1899ರಲ್ಲಿ ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಹಡಗಿನಲ್ಲಿ ಬಂದ ಮೊದಲ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ತಂದವು ಉಳಿದವು. ನೀಲಗಿರಿಯ ಅವಲಾಂಚೆಯಲ್ಲಿ 1907ರಲ್ಲಿ, ಕುಲ್ಲು ಕಣಿವೆಯ ಮಹಿಲಿಯಲ್ಲಿ 1909ರಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಎಲ್ಲ ದೊರೆಗಳ ಮೋಜಿಗಾಗಿ.

ಆ ಹೊಳೆಗಳಲ್ಲಿ ಮೊದಲಿನಿಂದ ಇದ್ದದ್ದು ಸ್ನೋ ಟ್ರೌಟ್. ಹೆಸರಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಗೆಂಡೆ ಕುಟುಂಬದ ಮೀನು. ಬ್ರೌನ್ ಟ್ರೌಟ್ ಅದರ ಮರಿಯನ್ನೇ ತಿನ್ನುತ್ತದೆ. ಹೊರಗಿನಿಂದ ಬಂದದ್ದಕ್ಕೆ ಇಷ್ಟು ಕಾವಲು ಯಾಕೆ ಅಂತ ಒಂದು ಪ್ರಶ್ನೆ ಇದ್ದೇ ಇದೆ.

ದುರ್ಗದ ಗಾಳ

ಒಳ್ಳೇ ಪ್ರಶ್ನೆ ಸರ್. ಆದರೆ ನೂರು ವರ್ಷದ ಮೇಲಾಯಿತು, ಈಗ ಅದನ್ನು ಕಿತ್ತು ಹಾಕಲು ಆಗಲ್ಲ. ಆ ಕಣಿವೆಯ ಎಷ್ಟೋ ಮನೆಗಳು ಟ್ರೌಟ್ ಸಾಕಣೆ, ಹೋಮ್‌ಸ್ಟೇ ನಂಬಿಕೊಂಡಿವೆ. ಇನ್ನೊಂದು, ಟ್ರೌಟ್ ಇದೆ ಅನ್ನುವ ಕಾರಣಕ್ಕೇ ತೀರ್ಥನ್ ಮೇಲೆ ವಿದ್ಯುತ್ ಯೋಜನೆ ಬೇಡ ಅಂತ ಅಲ್ಲಿನ ಜನ ಹೋರಾಡಿದ್ದಾರೆ. ಹೊಳೆ ಉಳಿದರೆ ಸ್ನೋ ಟ್ರೌಟ್‌ಗೂ ಜಾಗ ಇರುತ್ತದೆ.

ಕೆಟಿಜೆ ನಗರ

ತಮಾಷೆಗಲ್ಲ, ನಿಜವಾಗಿ ಕೇಳ್ತಿದ್ದೇನೆ. ಭದ್ರಾ ನಾಲೆಗೆ ಟ್ರೌಟ್ ಮರಿ ಬಿಟ್ಟರೆ ಬದುಕುತ್ತಾ? ಡಿಸೆಂಬರ್‌ನಲ್ಲಿ ನೀರು ಕೊರೆಯುತ್ತೆ ಅಲ್ವಾ.

ನಿವೃತ್ತ ಮೇಷ್ಟ್ರು

ಬದುಕಲ್ಲಪ್ಪ. ನಮಗೆ ಕೊರೆಯುವ ನೀರು ಟ್ರೌಟ್‌ಗೆ ಬಿಸಿ. ಅದಕ್ಕೆ ಹಿತ 10ರಿಂದ 16 ಡಿಗ್ರಿ. 20 ದಾಟಿದರೆ ಒದ್ದಾಟ ಶುರು. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಹೋದರೆ ಏಳೂವರೆಗೆ ಇಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ನಮ್ಮ ನಾಲೆಯಲ್ಲಿ ಅದು ಒಂದು ಮಧ್ಯಾಹ್ನವೂ ತಾಳುವುದಿಲ್ಲ. ಬದುಕಿದರೂ ಬಿಡಬಾರದು. ಹೊರಗಿನ ಮೀನು ತಂದು ಬಿಟ್ಟು ಜಿಲೇಬಿ ಮೀನಿನಿಂದ (ತಿಲಾಪಿಯಾ) ನಮ್ಮ ಕೆರೆಗಳಿಗೆ ಆಗಿರುವುದು ಸಾಕು.

ಹಿರಿಯೂರು ಹುಡುಗಿ (ಡೆನ್ವರ್)

ಚರ್ಚೆ ಓದಿ ಖುಷಿಯಾಯಿತು. ಹುಟ್ಟೂರು ಹಿರಿಯೂರು, ಇರುವುದು ಕೊಲರಾಡೊದಲ್ಲಿ. ನನ್ನ ಮನೆಯವರು ಚಳಿಗಾಲದಲ್ಲೇ ಜಾಸ್ತಿ ಗಾಳಕ್ಕೆ ಹೋಗುವವರು, ಅವರ ಜೊತೆ ನಾನೂ. ಮೊದಲ ಪೋಸ್ಟಿನಲ್ಲಿ ಕೇಳಿದ್ದಕ್ಕೆ ಇಲ್ಲಿನ ಲೆಕ್ಕದಲ್ಲಿ ಉತ್ತರ ಹೇಳುತ್ತೇನೆ. ಮಕ್ಕಳನ್ನು ನೋಡಲು ಈ ಕಡೆ ಬರುವ ಹಿರಿಯರಿಗೂ ಉಪಯೋಗಕ್ಕೆ ಬರಬಹುದು.

ಇಲ್ಲಿ ಹೆಚ್ಚಿನ ಹೊಳೆಗಳು ವರ್ಷಪೂರ್ತಿ ತೆರೆದಿರುತ್ತವೆ. ಆದರೆ ಬೆಟ್ಟದ ಮೇಲಿನವು ಜನವರಿಯಲ್ಲಿ ಹೆಪ್ಪುಗಟ್ಟಿರುತ್ತವೆ. ಚಳಿಗಾಲದಲ್ಲಿ ಎಲ್ಲರೂ ಹೋಗುವುದು ಅಣೆಕಟ್ಟಿನ ಕೆಳಗಿನ ಹೊಳೆಗೆ. ನೀರು 4 ಡಿಗ್ರಿಯಲ್ಲಿ ಅತಿ ಭಾರ. ಆ ನೀರು ಜಲಾಶಯದ ತಳಕ್ಕೆ ಹೋಗಿ ಕೂರುತ್ತದೆ. ತಳದ ತೂಬಿನಿಂದ ಬಿಟ್ಟಾಗ ಹೊರಗೆ ಮೈನಸ್ 10 ಇದ್ದರೂ ಹೊಳೆಗೆ 4, 5 ಡಿಗ್ರಿಯ ನೀರು ಬರುತ್ತದೆ. ಹಾಗಾಗಿ ಕೆಲವು ಮೈಲಿ ಹೆಪ್ಪುಗಟ್ಟುವುದಿಲ್ಲ. ನಾವು ಹೋಗುವುದು ಸೌತ್ ಪ್ಲ್ಯಾಟ್ ಹೊಳೆಗೆ, ಚೀಸ್‌ಮನ್ ಅಣೆಕಟ್ಟಿನ ಕೆಳಗೆ. ಆ ಅಣೆಕಟ್ಟು ಮುಗಿದದ್ದು 1905ರಲ್ಲಿ. ನಮ್ಮ ಮಾರಿಕಣಿವೆ ಮುಗಿಯುವ ಎರಡು ವರ್ಷ ಮುಂಚೆ! ಆ ಕಣಿವೆಯಲ್ಲಿ ಹುಳ, ಹಿಟ್ಟು ಏನೂ ಕಟ್ಟುವಂತಿಲ್ಲ. ಫ್ಲೈ ಅಥವಾ ಕೃತಕ ಮೀನು ಮಾತ್ರ, ಹಿಡಿದದ್ದನ್ನು ಬಿಡಲೇಬೇಕು.

ಬೆಳಗ್ಗೆ ಬೇಗ ಏಳುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲ್ಲ. ಹನ್ನೊಂದರಿಂದ ಮೂರರವರೆಗೆ ಸಾಕು. ಬಿಸಿಲಿಗೆ ನೀರು ಒಂದು ಡಿಗ್ರಿ ಏರಿದರೂ ಮೀನು ಬಾಯಿ ಬಿಡುತ್ತದೆ. ತಣ್ಣೀರಲ್ಲಿ ಅದಕ್ಕೆ ಹಸಿವು ಕಡಿಮೆ, ಓಡಾಟ ಇನ್ನೂ ಕಡಿಮೆ. ಬೇಸಿಗೆಯಲ್ಲಿ ನೊರೆ ನೀರಲ್ಲಿ ನಿಲ್ಲುವ ಮೀನು ಈಗ ಆಳದ, ನಿಧಾನ ಹರಿಯುವ ಮಡುವಿನ ತಳದಲ್ಲಿ ಸಾಲಾಗಿ ನಿಂತಿರುತ್ತದೆ. ತಿಂಡಿ ಬೇಕು ಅಂತ ಒಂದಡಿ ಪಕ್ಕಕ್ಕೂ ಬರಲ್ಲ. ಫ್ಲೈ ಅದರ ಮೂತಿಯ ಮುಂದೆಯೇ ಹಾಯಬೇಕು, ಹರಿವಿನ ವೇಗದಲ್ಲೇ ಹಾಯಬೇಕು. ಲೈನ್ ಸ್ವಲ್ಪ ಎಳೆದರೂ ಮೀನಿಗೆ ಗೊತ್ತಾಗುತ್ತದೆ. ಅದೇ ಮಡುವಿನಲ್ಲಿ ಒಂದೊಂದೇ ಗೇಣು ಸರಿಸಿ ಮತ್ತೆ ಮತ್ತೆ ಬಿಡುತ್ತಾ ಇರಬೇಕು. ಜಾಗ ಬದಲಾಯಿಸುವ ಮೊದಲು ದಾರಕ್ಕೆ ಕಟ್ಟಿದ ಸೀಸದ ತೂಕ ಬದಲಾಯಿಸಿ ನೋಡಿ. ತಳ ಮುಟ್ಟುತ್ತಿಲ್ಲ ಅನ್ನುವುದೇ ಹತ್ತರಲ್ಲಿ ಒಂಬತ್ತು ಸಲದ ಕಾಯಿಲೆ.

ಫ್ಲೈ ಬಹಳ ಸಣ್ಣದು. ಚಳಿಗಾಲದಲ್ಲಿ ಹುಟ್ಟುವ ಹುಳ ಅಂದ್ರೆ ಹೆಚ್ಚು ಕಡಿಮೆ ಒಂದೇ, ಮಿಡ್ಜ್ ಅನ್ನುವ ಕಚ್ಚದ ನುಸಿ. ಕೆರೆ ಏರಿಯ ಮೇಲೆ ಸಂಜೆ ನಮ್ಮ ತಲೆ ಸುತ್ತ ಕಂಬದ ಹಾಗೆ ಏಳುತ್ತದಲ್ಲ, ಅದೇ ಕುಟುಂಬ. ಕೆರೆ ಕೆಸರಲ್ಲಿ ಸಿಗುವ ಕೆಂಪು ಹುಳ ಅದರ ಮರಿ. ಇಲ್ಲಿ 20, 22 ನಂಬರ್ ಕೊಕ್ಕೆಗೆ ಕಟ್ಟುತ್ತಾರೆ. ನಂಬರ್ ಏರಿದಷ್ಟೂ ಕೊಕ್ಕೆ ಸಣ್ಣದು. ನಮ್ಮ ಮನೆಯಲ್ಲಿ ಸದಾ ಇರುವುದು ಜೀಬ್ರಾ ಮಿಡ್ಜ್: ಕಪ್ಪು ದಾರದ ಮೈ, ಅದರ ಮೇಲೆ ಬೆಳ್ಳಿ ಬಣ್ಣದ ತಂತಿಯ ಸುತ್ತು, ತಲೆಗೆ ಒಂದು ಮಣಿ. ಪೂರ್ತಿ ಫ್ಲೈ ಒಂದು ಜೀರಿಗೆಯಷ್ಟಿರುತ್ತದೆ. ಅದಕ್ಕೆ 6 ಎಕ್ಸ್ ದಾರ, ದಪ್ಪ ಸುಮಾರು 0.13 ಮಿಲಿಮೀಟರ್. ಕೈ ಮರಗಟ್ಟಿದಾಗ ಅದಕ್ಕೆ ಗಂಟು ಹಾಕುವುದು ಒಂದು ಶಿಕ್ಷೆ. ಮನೆಯಲ್ಲೇ ನಾಲ್ಕೈದು ಕಟ್ಟಿಕೊಂಡು ಹೋಗಿ.

ಇನ್ನೊಂದು ಕಾಟ ಕೋಲಿನ ಉಂಗುರಗಳದು. ಒದ್ದೆ ಲೈನ್ ಎಳೆದಾಗ ಹನಿ ಉಳಿದು ಅಲ್ಲೇ ಮಂಜುಗಡ್ಡೆಯಾಗುತ್ತದೆ. ನಾಲ್ಕು ಸಲ ಎಸೆಯುವಷ್ಟರಲ್ಲಿ ಉಂಗುರ ಮುಚ್ಚಿಹೋಗುತ್ತದೆ. ಬಲವಂತಕ್ಕೆ ಎಳೆದರೆ ಲೈನ್ ಸಿಪ್ಪೆ ಏಳುತ್ತದೆ. ಕೋಲನ್ನೇ ನೀರಲ್ಲಿ ಅದ್ದಿ ಹಿಡಿಯಿರಿ, ಕರಗುತ್ತದೆ. ಉಗುರಿನಲ್ಲಿ ಕೆರೆಯಬೇಡಿ.

ಬಟ್ಟೆ: ಹತ್ತಿ ಬೇಡವೇ ಬೇಡ. ಗಿರಣಿ ಊರಿನವರು ಕ್ಷಮಿಸಬೇಕು. ಬೆವರಿಗೋ ನೀರಿಗೋ ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಒಳಗೆ ಉಣ್ಣೆ, ಬೆರಳ ತುದಿ ಬಿಟ್ಟ ಉಣ್ಣೆ ಗ್ಲೌಸ್. ವೇಡರ್ (ನೀರಿಗೆ ಇಳಿಯಲು ಹಾಕುವ, ಎದೆವರೆಗೆ ಬರುವ ನೀರು ಹಿಡಿಯದ ಪ್ಯಾಂಟು) ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ. ಬಿದ್ದರೆ ಒಳಗೆ ನೀರು ತುಂಬುವುದು ತಡವಾಗುತ್ತದೆ. ಬದಲಿ ಬಟ್ಟೆ ಕಾರಿನಲ್ಲಿ ಇರಲೇಬೇಕು. ಒಬ್ಬರೇ ಹೋಗಬೇಡಿ.

ಮೀನು ಬಂದರೆ ನೀರಿನಿಂದ ಎತ್ತಬೇಡಿ. ಗಾಳಿ ಸೊನ್ನೆಗಿಂತ ಕೆಳಗಿದ್ದಾಗ ಕಿವಿರಿನ ಎಳೆಗಳು ಬೇಗ ಹೆಪ್ಪುಗಟ್ಟಬಹುದು. ಬಲೆಯೊಳಗೆ, ನೀರಲ್ಲಿ ಇಟ್ಟುಕೊಂಡೇ ಕೊಕ್ಕೆ ಬಿಡಿಸಿ. ಫೋಟೋ ಬೇಕಿದ್ದರೆ ನೀರಲ್ಲಿರುವಾಗಲೇ ತೆಗೆಯಿರಿ.

ಸೂಳೆಕೆರೆ ಸಿದ್ಧ

ತಂಗಿ, ಇಷ್ಟೆಲ್ಲ ಕಷ್ಟಪಟ್ಟು ಜೀರಿಗೆ ಕಟ್ಟಿ ಮೀನು ಹಿಡಿದು ಬಿಡ್ತೀರಾ? ನಿಮ್ಮ ಮನೆಯವರಿಗೆ ದೊಡ್ಡ ನಮಸ್ಕಾರ.

ಹಿರಿಯೂರು ಹುಡುಗಿ

ಹಹ್ಹಾ, ಹೇಳ್ತೀನಿ ಅಣ್ಣಾ. ಮನೆಗೆ ಬಂದು ಅಂಗಡಿಯ ಮೀನಿಂದಲೇ ಸಾರು ಮಾಡೋದು.

ನ್ಯಾಮತಿಯವ

ಅಕ್ಕಾ, ಅಲ್ಲೂ ಬ್ರೌನ್ ಟ್ರೌಟ್ ಚಳಿ ಶುರುವಾದಾಗಲೇ ಮೊಟ್ಟೆ ಇಡುತ್ತಲ್ವಾ? ಮತ್ತೆ ಅವರು ಯಾಕೆ ಬಂದ್ ಮಾಡಲ್ಲ?

ಹಿರಿಯೂರು ಹುಡುಗಿ

ಇಡುತ್ತದೆ, ಅಕ್ಟೋಬರ್, ನವೆಂಬರ್‌ನಲ್ಲಿ. ಕೆಲವು ಕಡೆ ಹೊಳೆಯ ಒಂದೊಂದು ತುಂಡನ್ನು ಆಗ ಮುಚ್ಚುತ್ತಾರೆ. ಉಳಿದ ಕಡೆ ಹಿಡಿಯುವವರ ಬುದ್ಧಿಗೇ ಬಿಟ್ಟಿದ್ದಾರೆ. ಸುತ್ತಲಿನ ಕಲ್ಲು ಪಾಚಿ ಹಿಡಿದು ಕಂದು ಬಣ್ಣಕ್ಕಿದ್ದು, ನಡುವೆ ಒಂದು ಕಡೆ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿನ ಜಲ್ಲಿ ಕಂಡರೆ ಅದು ಮೊಟ್ಟೆಯ ಗುಂಡಿ. ಅಲ್ಲಿ ಕಾಲಿಡಬಾರದು, ಅದರ ಮೇಲಿರುವ ಮೀನಿಗೆ ಫ್ಲೈ ಹಾಕಬಾರದು. ಗೊತ್ತಿದ್ದೂ ಹಾಕುವವರು ಇಲ್ಲೂ ಇದ್ದಾರೆ. ನನ್ನ ಪ್ರಕಾರ ಹಿಮಾಚಲದ ಹಾಗೆ ಪೂರ್ತಿ ಬಂದ್ ಮಾಡುವುದೇ ವಾಸಿ. ನನ್ನ ಮನೆಯವರು ಒಪ್ಪಲ್ಲ. ಅವರ ಮಾತು ಬೇರೆ ಬಿಡಿ.

ಟೈಲರ್ ಅಂಗಡಿ (ಚಿತ್ರದುರ್ಗ)

ಫ್ಲೈ ಕಟ್ಟುವ ಬಗ್ಗೆ ಎರಡು ಮಾತು. ಹೊರಗಿಂದ ತರಿಸಿದರೆ ಒಂದೊಂದಕ್ಕೆ ಕಾಫಿ ತಿಂಡಿಯ ದುಡ್ಡು ಹೋಗುತ್ತದೆ. ಅರ್ಧ ಸಾಮಾನು ನಮ್ಮೂರಲ್ಲೇ ಇದೆ. ನಾಟಿ ಹುಂಜದ ಕತ್ತಿನ ಗರಿ ಸಂತೆಯ ದಿನ ಕೋಳಿ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಕೆಂಚು ಹುಂಜದ್ದಾದರೆ ಹೊಳಪು ಚೆನ್ನ. ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿಟ್ಟರೆ ಹುಳ ಹಿಡಿಯಲ್ಲ. ಮೈ ಸುತ್ತಲು ಕಸೂತಿಯ ರೇಷ್ಮೆ ದಾರ. ಹಾಳಾದ ಮೋಟಾರಿನ ಸಣ್ಣ ತಾಮ್ರದ ತಂತಿ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಸುತ್ತಿದರೆ ತೂಕವೂ ಆಯಿತು, ಮಿಂಚೂ ಆಯಿತು. ಕೊಕ್ಕೆ ಮಾತ್ರ ಒಳ್ಳೆಯದು ಬೇಕು. ಅದರ ತುದಿಯ ಹಿಂದಿರುವ ಸಣ್ಣ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಬಿಡಿ, ಮೀನಿಗೂ ಒಳ್ಳೆಯದು, ನಿಮ್ಮ ಕಿವಿಗೂ ಒಳ್ಳೆಯದು.

ನವಿಲುಗರಿಯ ಎಳೆ ಫ್ಲೈಗೆ ಬಹಳ ಚೆಂದ ಕೂರುತ್ತದೆ. ತಾನಾಗಿ ಉದುರಿದ್ದನ್ನು ಇಲ್ಲಿ ಇಟ್ಟುಕೊಳ್ಳಬಹುದು, ಆದರೆ ದೇಶದಿಂದ ಹೊರಗೆ ಒಯ್ಯಲು ನಿಷೇಧ ಇದೆ. ಡೆನ್ವರ್‌ಗೆ ಉಡುಗೊರೆ ಅಂತ ಯಾರೂ ಕಟ್ಟಿಕೊಂಡು ಹೋಗಬೇಡಿ.

ಹೊಂಡದ ಸರ್ಕಲ್ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಸರಿ, ಡಿಸೆಂಬರ್ ಕ್ಯಾನ್ಸಲ್. ಮಾರ್ಚ್ ಎರಡನೇ ವಾರ ಅಂತ ಇಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ಎಸೆಯೋದು ಕಲಿಯಬೇಕು. ನಿನ್ನೆ ಟೆರೇಸಿನ ಮೇಲೆ ನೋಡಿದೆ, ಲೈನ್ ನನ್ನ ಕಾಲ ಹತ್ತಿರವೇ ಬೀಳುತ್ತೆ. ಎಲ್ಲಿ, ಹೇಗೆ ಅಭ್ಯಾಸ ಮಾಡಲಿ?

ದುರ್ಗದ ಗಾಳ

ಮೈದಾ ಉಂಡೆ ಎಸೆಯುವಾಗ ಉಂಡೆಯ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ. ದಪ್ಪ ಲೈನಿನ ತೂಕವೇ ಅದನ್ನು ಒಯ್ಯಬೇಕು. ಅದಕ್ಕೆ ಹಿಂದಕ್ಕೆ ಎಸೆದಾಗ ಲೈನ್ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆಯಬೇಕು. ನಾವು ತಡೆಯಲ್ಲ, ಅದೇ ತೊಂದರೆ. ಕೋಲನ್ನು ಗಡಿಯಾರದ ಹತ್ತರಿಂದ ಒಂದರ ನಡುವೆ ಆಡಿಸಿ, ಎರಡೂ ತುದಿಯಲ್ಲಿ ಗಕ್ಕನೆ ನಿಲ್ಲಿಸಿ. ಕೊಕ್ಕೆ ಬೇಡ, ತುದಿಗೆ ಒಂದು ತುಂಡು ಉಲನ್ ದಾರ ಕಟ್ಟಿ. ಹೈಸ್ಕೂಲ್ ಮೈದಾನಕ್ಕೆ ಬೆಳಗ್ಗೆ ಆರಕ್ಕೆ ಹೋಗಿ, ಕ್ರಿಕೆಟ್ ಹುಡುಗರು ಬರುವ ಮುಂಚೆ. ವಾಕಿಂಗ್ ಅಜ್ಜಂದಿರು ಏನಪ್ಪ ಇದು ಅಂತ ಕೇಳಿಯೇ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ. ನಮ್ಮ ದುರ್ಗದಲ್ಲಿ ಆ ಅನುಕೂಲ ಇಲ್ಲ, ಗಾಳಿ ಲೈನನ್ನು ಕತ್ತಿಗೇ ಸುತ್ತುತ್ತದೆ. ಇಲ್ಲಿ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ?

ಕೈ ಕುದುರಿದ ಮೇಲೆ ಕೆರೆಯ ಜಿಲೇಬಿ ಮೀನಿಗೆ ಹಾಕಿ. ಕೆಂಪು ದಾರದ್ದೊಂದು ಸಣ್ಣ ಫ್ಲೈ, ನಿಧಾನ ಮುಳುಗಿಸಿದರೆ ಚೆನ್ನಾಗಿ ಕಚ್ಚುತ್ತದೆ. ಅದಕ್ಕೆ ಯಾವ ಕಾಲದ ಮರ್ಯಾದೆಯೂ ಬೇಕಿಲ್ಲ, ಸಿದ್ಧಣ್ಣನ ಮನೆಗೆ ಸಾರಿಗೆ ಕೊಡಿ. ಆದರೆ ಕೆರೆ ಯಾರ ಗುತ್ತಿಗೆಯಲ್ಲಿದೆ ಅಂತ ಕೇಳಿಕೊಂಡೇ ಹಾಕಿ. ಸೊಸೈಟಿಯವರು ಮರಿ ಬಿಟ್ಟಿರುತ್ತಾರೆ, ಅವರ ಹೊಟ್ಟೆಪಾಡು ಅದು.

ಸೂಳೆಕೆರೆ ಸಿದ್ಧ

ಜಿಲೇಬಿ ಆದ್ರೂ ಪರವಾಗಿಲ್ಲ, ಕ್ಲೀನ್ ಮಾಡಿ ಕೊಡಬೇಕು.

ಕೆಟಿಜೆ ನಗರ

ದಾವಣಗೆರೆಯಿಂದ ಅಲ್ಲಿಗೆ ದಾರಿ ಹೇಗೆ? ನನಗೂ ಮಾರ್ಚ್‌ನಲ್ಲಿ ಬರೋ ಮನಸ್ಸಿದೆ.

ದುರ್ಗದ ಗಾಳ

ಸಂಪರ್ಕ ಕ್ರಾಂತಿಯಲ್ಲಿ ದೆಹಲಿ. ಅಲ್ಲಿಂದ ರಾತ್ರಿ ಮನಾಲಿ ಬಸ್ಸು ಹತ್ತಿ ಔಟ್ ಅನ್ನುವ ಊರಲ್ಲಿ ಇಳಿಯಿರಿ, ಸುರಂಗಕ್ಕೆ ಮುಂಚೆ. ಕಂಡಕ್ಟರ್‌ಗೆ ಮೊದಲೇ ಹೇಳಿಡಿ, ಬೆಳಗಿನ ಜಾವ ನಿದ್ದೆಯಲ್ಲಿ ಮುಂದೆ ಹೋಗಿಬಿಡುತ್ತೀರಿ. ಔಟ್‌ನಿಂದ ಬಂಜಾರ್, ಗುಶೈನಿ ಕಡೆಗೆ ಲೋಕಲ್ ಬಸ್ಸು, ಜೀಪು ಸಿಗುತ್ತವೆ. ಪರ್ಮಿಟ್ ಮೊದಲು, ಕೋಲು ಬಿಚ್ಚುವುದು ಆಮೇಲೆ.

ಹಿರಿಯೂರು ಹುಡುಗಿ

ಮಾರ್ಚ್ ಎರಡನೇ ವಾರದಲ್ಲೂ ಅಲ್ಲಿ ನೀರು ತಣ್ಣಗೇ ಇರುತ್ತದೆ. ನಾನು ಬರೆದ ನಿಧಾನ ಮಡು, ಮಧ್ಯಾಹ್ನದ ಹೊತ್ತು, ಸಣ್ಣ ಫ್ಲೈ ಎಲ್ಲ ಆಗಲೂ ನಡೆಯುತ್ತದೆ. ಬೆಳ್ಳಗಿನ ಜಲ್ಲಿ ಕಂಡರೆ ದೂರ ಇರಿ, ಮರಿಗಳು ಇನ್ನೂ ಕಲ್ಲಿನೊಳಗೇ ಇರಬಹುದು.

ಹೊಂಡದ ಸರ್ಕಲ್ ಹುಡುಗ

ಬರೆದಿಟ್ಟುಕೊಂಡೆ ಅಕ್ಕಾ. ಷಡ್ಡಕರಿಗೆ ಮಾತ್ರ ಇನ್ನೂ ಹೇಳಿಲ್ಲ. ಅವರು ಆಗಲೇ ಡಿಸೆಂಬರ್‌ಗೆ ಅಂತ ದಪ್ಪ ಜಾಕೆಟ್ ತಗೊಂಡು, ದಿನಾ ಸಂಜೆ ಹಾಕಿಕೊಂಡು ಮಿರ್ಚಿ ಮಂಡಕ್ಕಿ ತಿನ್ನಲು ಬರ್ತಿದ್ದಾರೆ.